ಕುಗ್ಗಿಸಿದ ಫೋಟೊ

ಕಂಪ್ಯೂಟರಿನಲ್ಲಿ ಫೋಟೊ ದೊಡ್ಡದು ಮಾಡಿದಷ್ಟೂ ಆ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ನನ್ನ ಪಕ್ಕದಲ್ಲಿ, ಕಲ್ಯಾಣದುರ್ಗದಿಂದ ಬಸ್ಸಿನಲ್ಲಿ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಸೆರಗು ಹಿಡಿದು ನಿಂತಿದ್ದರು. ಕಂಬಳಿ ನೇಯುತ್ತಿದ್ದ ಅವರ ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಗೋಡೆಗೆ ಹಾಕಲು ಕಟ್ಟು ಹಾಕಿಸಬೇಕೆಂದು ಫೋಟೊ ಕೇಳಿಕೊಂಡು ಬಂದಿದ್ದರು.

ಹಿಂದೂಪುರದ ನಮ್ಮ ಪುಟ್ಟ ಆಫೀಸಿನಲ್ಲಿ ಇಬ್ಬರು ಡಿಸೈನರುಗಳು, ಮೂವರು ಪ್ರೋಗ್ರಾಮರುಗಳು. ಅವರ ಕೆಲಸ ನೋಡಿಕೊಳ್ಳುವವನು ನಾನು. ಕಂಬಳಿ ಮಾರುವ ವೆಬ್‌ಸೈಟಿಗೆಂದು ನಮ್ಮ ಡಿಸೈನರ್ ಶಬಾನಾ ಹಿಂದಿನ ವರ್ಷ ಅವರ ಗಂಡನನ್ನು ಮಗ್ಗದ ಮುಂದೆ ಕೂರಿಸಿ ತೆಗೆದ ಫೋಟೊ ಅದು. ಸೈಟ್ ತೆರೆದುಕೊಳ್ಳಲು ತಡವಾಗುತ್ತದೆಂದು ಫೋಟೊಗಳನ್ನೆಲ್ಲ ಕುಗ್ಗಿಸಲು ಹೇಳಿದವನು ನಾನು. ಮೂಲ ಫೋಟೊಗಳನ್ನು ಅಳಿಸಿ ಜಾಗ ಮಾಡಿ ಎಂದವನೂ ನಾನೇ. ಶಬಾನಾ ಬೇಡವೆಂದಿದ್ದಳು.

"ಮನೇಲಿ ಬ್ಯಾರೆ ಫೋಟೊ ಇಲ್ಲ ಕಣಪ್ಪ. ಆಧಾರ್ ಕಾರ್ಡಿಂದು ನೋಡಿದ್ರೆ ಯಾರೋ ಅನ್ನಂಗೈತೆ. ಇದ್ರಾಗೆ ನಗ್ತಾವ್ರೆ," ಎಂದರು ಆ ತಾಯಿ.

ಶಬಾನಾ ತನ್ನ ಪೆನ್‌ಡ್ರೈವ್, ಕ್ಯಾಮೆರಾದ ಕಾರ್ಡು ಎಲ್ಲ ತಡಕಿದಳು. ಎಲ್ಲೂ ಸಿಗಲಿಲ್ಲ. ಕೊನೆಗೆ ಉಳಿದಿದ್ದನ್ನೇ ಬೆಂಕಿಪೊಟ್ಟಣದಷ್ಟು ಅಗಲಕ್ಕೆ ಪ್ರಿಂಟ್ ತೆಗೆದುಕೊಟ್ಟೆವು. ಅವರು ಅದನ್ನು ಅಂಗೈಯಲ್ಲಿಟ್ಟು ನೋಡಿ, "ಇಷ್ಟಾದ್ರೂ ಇಟ್ಕಂಡಿದ್ರಲ್ಲ ನೀವು. ಬತ್ತೀನಪ್ಪ," ಎಂದು ಕೈಮುಗಿದು ಹೊರಟರು.

ಅಳಿಸಿದ್ದು ಯಾರೆಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ನಮ್ಮ ಸೈಟ್ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಮೊದಲು ಕಾಣುವುದು ಅವರ ಗಂಡನ ನಗುವೇ.