ಟಪಾಲು ವಿಭಾಗದ ಇಲಿ

ಟಪಾಲು ವಿಭಾಗದಲ್ಲಿ ಸತ್ತ ಇಲಿಯ ವಾಸನೆ ಬರುತ್ತಿದೆ ಎಂದು ಮೊದಲು ಬಾಯಿ ಮಾಡಿದವಳು ನಾನೇ. ಟೈಪಿಸ್ಟ್ ಆಗಿ ಸೇರಿ ಇನ್ನೂ ವರ್ಷವಾಗಿರಲಿಲ್ಲ, ನಾಲಿಗೆ ಮಾತ್ರ ಮಾರುದ್ದ. ಪಾಪ, ಅಟೆಂಡರ್ ಕಪಾಟು ಸರಿಸಿದ, ಹಳೆಯ ಕಡತಗಳನ್ನೆಲ್ಲ ಜಾಲಾಡಿದ, ಫಿನಾಯಿಲ್ ಸುರಿದ. ಇಲಿ ಸಿಗಲಿಲ್ಲ.

ಪಕ್ಕದ ಟೇಬಲಿನ ಟಪಾಲಕ್ಕನೂ ಮೂಗಿಗೆ ಕರ್ಚೀಫು ಹಿಡಿದು, "ಆ ಕಿಟಕಿ ಸಂದೀಲಿ ನೋಡಪ್ಪಾ" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಲಕೋಟೆಗಳ ಮೇಲೆ ವಿಳಾಸ ಬರೆದು ಮುದ್ರೆ ಒತ್ತುತ್ತಿದ್ದ ಭಾರೀ ಹೆಂಗಸು. ಎಲ್ಲರಿಗಿಂತ ಮೊದಲು ಬಂದು ಕೂತರೆ ಎಲ್ಲರೂ ಹೋದ ಮೇಲೇ ಏಳುವುದು. "ನಾನೆದ್ರೆ ಕಟ್ಟಡ ಅಲ್ಲಾಡುತ್ತೆ, ನಿಮಗ್ಯಾಕೆ ಆ ಅಪಾಯ" ಎಂದು ತಾವೇ ನಗಿಸುತ್ತಿದ್ದರು. ನಾವೂ ನಾಚಿಕೆಯಿಲ್ಲದೆ ನಗುತ್ತಿದ್ದೆವು.

ಒಂದು ಮಧ್ಯಾಹ್ನ ಉಳಿದವರು ಊಟ ಮುಗಿಸಿ ಚಹಾಕ್ಕೆ ಹೋಗಿದ್ದಾಗ ಅಕ್ಕ ಗಡಗಡ ನಡುಗತೊಡಗಿದರು. ಹಣೆ ಮುಟ್ಟಿದರೆ ಕೆಂಡ. ಎಬ್ಬಿಸಲು ಹೋದಾಗ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿಕೊಂಡಿತು. ಮೊಣಕಾಲಿನ ಕೆಳಗೆ ಚರ್ಮ ಮರದ ತೊಗಟೆಯಂತೆ ದಪ್ಪಗಟ್ಟಿ, ಗಂಟುಗಂಟಾಗಿ, ಬಿರುಕುಗಳಿಂದ ನೀರು ಜಿನುಗುತ್ತಿತ್ತು. ನಾನು ಹುಡುಕಿಸುತ್ತಿದ್ದ ವಾಸನೆ ಅದು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಇದು ಬರೀ ಬೊಜ್ಜಲ್ಲ. ಮೈಭಾರಕ್ಕೆ ನೀರು ಮೇಲಕ್ಕೆ ಹರಿಯದೆ ಕಾಲಲ್ಲೇ ನಿಂತುಬಿಟ್ಟಿದೆ. ಚರ್ಮ ಬಿರಿದು ಸೋಂಕು ಹೊಕ್ಕಿದೆ, ರಕ್ತಕ್ಕೂ ಹರಡಿದೆ. ದಿನಾ ತೊಳೆದು, ಒರೆಸಿ, ಬಿಗಿಯಾಗಿ ಪಟ್ಟಿ ಕಟ್ಟಿದ್ರೆ ಇಷ್ಟು ಆಗ್ತಿರಲಿಲ್ಲ. ಯಾಕಮ್ಮ ಯಾರಿಗೂ ತೋರಿಸಲಿಲ್ಲ?"

"ಒಬ್ರ ಹತ್ರ ಹೋಗಿದ್ದೆ," ಎಂದರು ಅಕ್ಕ. "ತೂಕ ಇಳಿಸ್ಕೊಂಡು ಬನ್ನಿ ಅಂದ್ರು. ಕಾಲು ನೋಡ್ಲೇ ಇಲ್ಲ. ತೂಕ ಇಳೀಲಿಲ್ಲ, ನಾನೂ ಮತ್ತೆ ಹೋಗ್ಲಿಲ್ಲ."

ಡಾಕ್ಟರು ಅತ್ತ ಹೋದ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡರು. "ಆಫೀಸಲ್ಲಿ ಹೇಳ್ಬೇಡ ಕಣೇ. ಜ್ವರ ಅನ್ನು, ಸಾಕು. ಇಷ್ಟು ವರ್ಷ ಅವರ ಜೊತೆ ಕೂತು ಉಂಡಿದೀನಿ."

ನಾಲ್ಕನೆಯ ದಿನ ಅಕ್ಕ ತೀರಿಕೊಂಡರು. ಜ್ವರ ನೆತ್ತಿಗೇರಿತು ಎಂದು ಎಲ್ಲರಿಗೂ ಹೇಳಿದೆ. ನಂಬಿದರು, ಅತ್ತರು.

ಮರುವಾರ ಹೆಡ್ ಕ್ಲರ್ಕ್ ನಮ್ಮ ಕೋಣೆಗೆ ಬಂದು ಮೂಗರಳಿಸಿದರು. "ವಾಸನೆ ಹೋಗಿದೆಯಲ್ಲ."

ಅಟೆಂಡರ್ ಖಾಲಿ ಕುರ್ಚಿಯ ಕಡೆ ನೋಡಿದ. "ಹೌದು ಸಾರ್. ಅಕ್ಕ ಆಸ್ಪತ್ರೆಗೆ ಹೋದ ದಿನದಿಂದ್ಲೇ..." ಎಂದು ನಿಧಾನವಾಗಿ ಶುರು ಮಾಡಿದ.

ಅವನ ಮಾತು ಮುಗಿಯಲು ನಾನು ಬಿಡಲಿಲ್ಲ.

"ಇಲಿ ಸಿಕ್ತು ಸಾರ್," ಎಂದೆ.

"ಎಲ್ಲಿತ್ತು?"

"ನನ್ನ ಟೇಬಲ್ ಕೆಳಗೆ. ನಾನೇ ಎತ್ತಿ ಬಿಸಾಕಿದೆ."