ಮಾಸ್ತಮ್ಮನ ಶನಿವಾರದ ಒಪ್ಪತ್ತು

ಮೀನಿನ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದರೆ ಸಾಕು, ಅದು ಇವತ್ತಿನದೋ, ಮಂಜುಗಡ್ಡೆಯಲ್ಲಿ ಎರಡು ದಿನ ಮಲಗಿದ್ದೋ ಎಂದು ಮಾಸ್ತಮ್ಮ ಹೇಳಿಬಿಡುತ್ತಿದ್ದಳು. ತನ್ನ ಬುಟ್ಟಿಯ ಮೀನೇ ಆದರೂ ಸುಳ್ಳಾಡುತ್ತಿರಲಿಲ್ಲ. "ಇದು ನಿನ್ನೆದು ಅಕ್ಕೋರೆ, ಹುಳಿ ಜಾಸ್ತಿ ಹಾಕಿ" ಎನ್ನುವಳು. ಭಟ್ಕಳದ ಕಾಲೇಜಿನಲ್ಲಿ ಪಾಠ ಹೇಳುವ ನಾನು ಅವಳಿಗೆ ಅಕ್ಕೋರು. ಪಕ್ಕದ ಜಾಲಿ ಎಂಬ ಊರಿನ ನನ್ನ ಬಾಡಿಗೆ ಮನೆಗೆ ಹತ್ತು ವರ್ಷ ಮೀನು ತಂದಳು. ಪಕ್ಕದ ಮನೆಯವರೊಡನೆ ಅವರ ನವಾಯತಿ ಭಾಷೆಯಲ್ಲೇ ಚೌಕಾಸಿ ಮಾಡಿ, ನನ್ನ ಮೆಟ್ಟಿಲ ಮೇಲೆ ಕೂತು ಅವರನ್ನು ಕನ್ನಡದಲ್ಲಿ ಬೈದು, ನೀರು ಕುಡಿದು ಹೋಗುವಳು.

ಬುಟ್ಟಿಗಿಂತ ಅವಳೇ ಹಗುರ. ಮೈಯಲ್ಲಿ ರಕ್ತವಿಲ್ಲ, ಹೊಟ್ಟೆ ಸದಾ ಕೆಟ್ಟಿರುತ್ತಿತ್ತು. ಜಂತಿನ ಗುಳಿಗೆ, ಕಬ್ಬಿಣದ ಗುಳಿಗೆ ಎಲ್ಲ ಆಗಿತ್ತು. ಶನಿವಾರ ಒಪ್ಪತ್ತು ಮಾಡುತ್ತಿದ್ದಳು: ಮಧ್ಯಾಹ್ನ ಒಮ್ಮೆ ಅನ್ನ, ಆಮೇಲೆ ಅನ್ನ ಮುಟ್ಟದೆ ಗೋದಿರವೆಯ ಉಪ್ಪಿಟ್ಟು. ಭಾನುವಾರ ಏಳುತ್ತಲೇ ಇರಲಿಲ್ಲ. ಮೀನಿಗೆ ಗಿರಾಕಿ ಹೆಚ್ಚಿರುವ ದಿನವೇ ಇವಳಿಗೆ ರಜೆ ಎಂದು ಕೇರಿ ನಗುತ್ತಿತ್ತು. "ನನ್ನ ಒಪ್ಪತ್ತು ಆ ದೇವ್ರಿಗೇ ಸೇರೂದಿಲ್ಲ ಕಾಣ್ತದೆ" ಎಂದು ಅವಳೂ ನಗುತ್ತಿದ್ದಳು.

ಅನ್ನ ಕಡಿಮೆ ಮಾಡು, ಚಪಾತಿ ತಿನ್ನು, ಶಕ್ತಿ ಬರುತ್ತದೆ ಎಂದು ಅವಳಿಗೆ ಹೇಳಿದವರು ಯಾರು? ಯಾರೋ ಡಾಕ್ಟರು ಎಂದೇ ಬಹಳ ದಿನ ನಂಬಿದ್ದೆ. ಅನ್ನ ಉಣ್ಣುವ ನಮ್ಮ ಕರಾವಳಿಯಲ್ಲಿ ಸೊರಗಿದವರಿಗೆ ಗೋದಿಯೇ ಟಾನಿಕ್, ಯಾರಾದರೂ ಹೇಳಿರಬಹುದಿತ್ತು. ಆದರೆ ನನ್ನ ಡೈರಿಯಲ್ಲಿದೆ: "ಮಾಸ್ತಮ್ಮನಿಗೆ ಒಂದು ಡಬ್ಬಿ ಗೋದಿಹಿಟ್ಟು ಕೊಟ್ಟೆ. ಹೊಟ್ಟೆ ಉಬ್ಬರಿಸುತ್ತದೆ ಅಂದಳು. ರೂಢಿಯಾದರೆ ಸರಿಹೋಗುತ್ತದೆ ಅಂದೆ." ಅಕ್ಷರ ನನ್ನದೇ. ನೆನಪಿನಲ್ಲಿ ಮಾತ್ರ ಅವಳು ಸಂತೋಷದಿಂದ ಡಬ್ಬಿ ತೆಗೆದುಕೊಂಡಿದ್ದಳು. ಆಮೇಲೆ ಎರಡು ವರ್ಷ, ತಿಂಗಳಿಗೊಂದು ಡಬ್ಬಿ ಕೊಟ್ಟೆ.

ಕೊನೆಗೆ ದೂರದ ದೊಡ್ಡ ಆಸ್ಪತ್ರೆಯೊಂದಕ್ಕೆ ನಾನೇ ಕರೆದುಕೊಂಡು ಹೋದೆ. ಸೀಲಿಯಾಕ್ ಎಂದರು. ಗೋದಿಯೇ ಕರುಳನ್ನು ಸವೆಸುವ ರೋಗ. ಅದು ಪರದೇಶದವರಿಗೆ, ಬಹಳವೆಂದರೆ ಉತ್ತರದ ರೊಟ್ಟಿ ತಿನ್ನುವವರಿಗೆ ಬರುವುದೆಂದು ನಾನು ತಿಳಿದಿದ್ದೆ. ಲೋಕದಲ್ಲಿ ಸುಮಾರು ನೂರಕ್ಕೆ ಒಬ್ಬರಿಗಿದೆ, ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ ಎಂದರು ಡಾಕ್ಟರು. ನಮ್ಮ ಕಡೆ ಕಡಿಮೆ ಇರಬಹುದು, ಆದರೆ ಹುಡುಕಿದವರೂ ಕಡಿಮೆಯಂತೆ.

"ನೂರಕ್ಕೆ ಒಬ್ರಾ?" ಎಂದಳು ಮಾಸ್ತಮ್ಮ. "ನಮ್ಮ ಮಾರ್ಕೆಟಲ್ಲೇ ಇನ್ನೂರು ಹೆಂಗಸ್ರು ಇದ್ದೇವಲೆ. ಮತ್ತೊಬ್ಳು ಯಾರು?"

ಊರಿಗೆ ಬಂದವಳು ಸಣಕಲು ಹೆಂಗಸರನ್ನೆಲ್ಲ ಹಿಡಿದು, "ಏ, ಚಪಾತಿ ತಿಂದ್ರೆ ನಿಂಗೆ ಎಂತ ಆತದೆ?" ಎಂದು ಕೇಳತೊಡಗಿದಳು. "ಇವ್ಳಿಗೆ ಮಳ್ಳು" ಎಂದರು ಅವರು. ಗೋದಿ ಬಿಟ್ಟ ಮೇಲೆ ಭಾನುವಾರವೂ ಬುಟ್ಟಿ ಹೊತ್ತು ಬಂದಳು. ಕೆನ್ನೆ ಸ್ವಲ್ಪ ತುಂಬಿತ್ತು, ಅಥವಾ ಹಾಗೆಂದು ನನಗೆ ಕಾಣಬೇಕಿತ್ತು. ಆದರೆ ಅಷ್ಟರಲ್ಲಾಗಲೇ, ವರ್ಷಗಟ್ಟಲೆ ಸವೆದ ಕರುಳಿನಲ್ಲಿ ಕ್ಯಾನ್ಸರಿನ ಗಡ್ಡೆ ಬೆಳೆದಿತ್ತು. ತಡವಾಯಿತು ಎಂದರು. ಎಷ್ಟು ತಡ, ಎರಡು ವರ್ಷವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ತಪ್ಪಾಯಿತು ಎನ್ನಲೆಂದೇ ಕೊನೆಯ ಸಲ ಅವಳ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈ ಹಿಡಿದಳು.

"ಕುಮಟೆಲಿ ನನ್ನ ಮಗ್ಳಿಗೂ ರಕ್ತ ಇಲ್ವಂತೆ. ಇದು ಮಕ್ಳಿಗೂ ಬತ್ತದೆ ಅಂದಿದ್ರಲೆ ಡಾಕ್ಟ್ರು? ಪರೀಕ್ಷೆ ಮಾಡ್ಸು ಅಂದ್ರೆ ನನ್ನ ಮಾತು ಕೇಳೂದಿಲ್ಲ ಅದು. ನೀವು ಹೇಳಿ ಅಕ್ಕೋರೆ. ನೀವು ಗೋದಿ ತಿನ್ನು ಅಂದಾಗ ನಾ ಕೇಳ್ಲಿಲ್ವಾ?"

ಚುಚ್ಚಿದಳೋ, ನಂಬಿ ಹೇಳಿದಳೋ, ಇವತ್ತಿಗೂ ತಿಳಿದಿಲ್ಲ. "ಆತು" ಎಂದಷ್ಟೇ ಹೇಳಿ ಬಂದೆ. ಆ ವಾರವೇ ಅವಳು ತೀರಿಹೋದಳು.

ತಿಂಗಳು ಕಳೆದು ಕುಮಟೆಯ ಬಸ್ಸು ಹತ್ತಿದೆ. ಮಗಳು ನಾಗವೇಣಿ ಒಲೆಯ ಮುಂದೆ ಚಪಾತಿ ಬೇಯಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಡಬ್ಬಿಗಳ ವಿಷಯವನ್ನೂ. ಅವಳು ಹೆಂಚನ್ನೇ ನೋಡುತ್ತಿದ್ದಳು.

"ಪರೀಕ್ಷೆ ಮಾಡ್ಸು ಅಂತ ನೀವು ಹೇಳೂದಾ, ಅವ್ವ ಹೇಳಿದ್ದಾ?"

"ಅವ್ವ" ಎಂದೆ.

ನಾಗವೇಣಿ ಹೆಂಚು ಕೆಳಗಿಳಿಸಿದಳು. ಕೈ ತೊಳೆದು, ಆಸ್ಪತ್ರೆಗೆ ಹೊರಡಲು ಸೀರೆ ಬದಲಿಸಲೆಂದು ಒಳಗೆ ಹೋದಳು.