ಹ್ಯಾಂಡಲ್‌ಗೆ ಕಟ್ಟಿದ ನಿಂಬೆಹಣ್ಣು

ನಮ್ಮ ಪಂಚನಹಳ್ಳಿ ಮನೆಯಲ್ಲಿ ಹೊಸ ಗಾಡಿಗಷ್ಟೇ ಅಲ್ಲ, ಹೊಸ ಕೆಲಸಕ್ಕೆ ಹೊರಟ ಹಳೇ ಗಾಡಿಗೂ ನಿಂಬೆಹಣ್ಣು ಕಟ್ಟಬೇಕು. ಕಟ್ಟುವುದು ಅಜ್ಜನ ಹಕ್ಕು. ಅಜ್ಜಂಪುರದ ಹತ್ತಿರ ಮಣ್ಣಿನ ಟ್ರ್ಯಾಕಿನಲ್ಲಿ ನನ್ನ ಮೊದಲ ಬೈಕ್ ರೇಸು ಇದ್ದ ಬೆಳಿಗ್ಗೆಯೂ ಅಜ್ಜ ಟ್ಯಾಂಕಿಗೆ ವಿಭೂತಿ ಎಳೆದ. ಅರಿಸಿನದ ದಾರದಲ್ಲಿ ಹಣ್ಣು ಪೋಣಿಸಿ, ಆಕ್ಸಿಲರೇಟರ್ ಹಿಡಿಕೆಯ ಬುಡಕ್ಕೆ ಏಳು ಸುತ್ತು ಸುತ್ತಿ ಬಿಗಿದ.

ಆಗ ನನಗೆ ಹತ್ತೊಂಬತ್ತು. ಹುಡುಗಿ ರೇಸಿಗೆ ಹೋಗುವುದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. "ಬಿದ್ರೂ ಅಷ್ಟೆ, ಅರ್ಧಕ್ಕೆ ನಿಂತ್ರೂ ಅಷ್ಟೆ. ಆಮೇಲೆ ಗಾಡಿ ಮುಟ್ಟಂಗಿಲ್ಲ," ಅಂದಿದ್ದ. "ಪೂರ್ತಿ ಓಡುಸ್ತಾಳೆ, ನಾನಿದೀನಿ ಕಣೋ," ಎಂದು ನನ್ನ ಪರ ನಿಂತವನು ಅಜ್ಜ ಒಬ್ಬನೇ. ಕಡೂರು ಸಂತೆಗೆ ಕರೆದೊಯ್ಯುವಾಗ ನನ್ನ ಹಿಂದೆ ಕೂತು ಕಣ್ಣು ಮುಚ್ಚಿ ಶಿವ ಶಿವ ಎನ್ನುತ್ತಿದ್ದವನೂ ಅವನೇ.

ಐದು ಸುತ್ತಿನ ರೇಸು. ಎರಡನೇ ಸುತ್ತಿನಲ್ಲಿ ತಿರುವಿಗೆ ಮುಂಚೆ ಆಕ್ಸಿಲರೇಟರ್ ಬಿಟ್ಟೆ. ಅದು ಹಿಂದಕ್ಕೆ ಬರಲಿಲ್ಲ. ಅಜ್ಜನ ದಾರ ಹಿಡಿಕೆಯ ಸಂದಿಗೆ ನುಗ್ಗಿ ಕಚ್ಚಿಕೊಂಡಿತ್ತು. ಎಂಜಿನ್ ಅರಚುತ್ತಿತ್ತು, ತಿರುವು ಎದುರಿಗೇ ಬಂತು. ಭಯವಾಯಿತು, ಸುಳ್ಳೇಕೆ ಹೇಳಲಿ. ಹೆಬ್ಬೆರಳಿಗೆ ಎಟಕುವಲ್ಲಿ ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ ಇತ್ತು. ನಮ್ಮೂರಲ್ಲಿ ಮಕ್ಕಳು ಆಟಕ್ಕೆ ಒತ್ತುವುದು ಬಿಟ್ಟರೆ ಅದನ್ನು ಯಾರೂ ಮುಟ್ಟಿದ್ದಿಲ್ಲ. ಒತ್ತಿದೆ. ಎಂಜಿನ್ ಸತ್ತಿತು, ಗಾಡಿ ಓಡಿದ ರಭಸಕ್ಕೇ ತಿರುವು ದಾಟಿತು. ಮತ್ತೆ ಒತ್ತಿದೆ. ಚಕ್ರ ಉರುಳುತ್ತಲೇ ಇತ್ತಲ್ಲ, ಎಂಜಿನ್ ಹತ್ತಿಕೊಂಡು ಗಾಡಿ ಮುಂದಕ್ಕೆ ಜಿಗಿಯಿತು. ಉಳಿದ ಸುತ್ತುಗಳನ್ನೆಲ್ಲ ಹೀಗೇ, ಮನೆಯ ದೀಪ ಹಾಕಿ ಆರಿಸಿದ ಹಾಗೆ ಮುಗಿಸಿದೆ. ಕೊನೆಯಿಂದ ಎರಡನೆಯವಳಾದೆ. ಆದರೆ ಬೀಳಲಿಲ್ಲ, ನಿಲ್ಲಲಿಲ್ಲ.

ಅಜ್ಜ ಪಂಚೆ ಎತ್ತಿ ಹಿಡಿದು ಓಡಿ ಬಂದ. "ನೋಡ್ದೇನವ್ವ, ದಾರ ಕಾಪಾಡ್ಬಿಡ್ತು!"

ನನಗೆ ಮೂಗಿನ ತುದಿಯಲ್ಲೇ ಕೋಪ. "ಕಾಪಾಡ್ತಾ? ಕೊಂದೇ ಬಿಡ್ತಿತ್ತು ಕಣಜ್ಜ ನಿನ್ ದಾರ!" ಎಂದು ಎಲ್ಲರ ಮುಂದೆ ಅದನ್ನು ಕಿತ್ತು ಅವನ ಕಾಲ ಬಳಿ ಎಸೆದೆ. ಅಜ್ಜ ಬಗ್ಗಿ ಹಣ್ಣು ಎತ್ತಿಕೊಂಡು ಜೇಬಿಗೆ ಹಾಕಿಕೊಂಡ.

ಅಪ್ಪ ಮಾತು ಉಳಿಸಿಕೊಂಡ, ಗಾಡಿ ನನ್ನ ಕೈಲೇ ಉಳಿಯಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಜ್ಜ ದಾರ ಸುತ್ತುವಾಗ ಪಕ್ಕದಲ್ಲೇ ನಿಂತಿದ್ದವಳು ನಾನು. ಆ ಹಿಡಿಕೆ ತಿರುಗುತ್ತದೆಂದು ಗೊತ್ತಿದ್ದವಳೂ ನಾನೇ. ಇದು ನನಗೆ ಹೊಳೆಯಲು ಬಹಳ ದಿನ ಹಿಡಿಯಿತು, ಹೊಳೆದ ಮೇಲೆ ನಾಚಿಕೆಯಾಯಿತು.

ತರೀಕೆರೆಯ ರೇಸಿಗೆ ಹೊರಟ ದಿನ ಅಜ್ಜ ಗಾಡಿಯ ಹತ್ತಿರ ಸುಳಿಯಲಿಲ್ಲ. ನಾನೇ ಹಣ್ಣು, ದಾರ ತಂದು ಅವನ ಮುಂದೆ ಹಿಡಿದೆ.

"ಬ್ಯಾಡ ಕಣವ್ವ, ನನ್ ಕೈ ಸರಿಯಿಲ್ಲ."

"ಕಟ್ಟಜ್ಜ. ಹ್ಯಾಂಡಲ್ ನಡುವಿಗೆ ಕಟ್ಟು, ಅಲ್ಲಿ ಏನೂ ಆಗಲ್ಲ."

ಕಟ್ಟಿದ. ಏಳರ ಬದಲು ಒಂದೇ ಸುತ್ತು. ಬಿಗಿಯಾದೀತೆಂದು ಮೂರು ಸಲ ಗಂಟು ಸಡಿಲಿಸಿದ.

ಮೊದಲ ತಿರುವಿನಲ್ಲೇ ಹಣ್ಣು ಕಳಚಿ ಬಿತ್ತು. ಅವತ್ತು ಎಷ್ಟನೆಯವಳಾದೆನೋ ಈಗ ಸರಿಯಾಗಿ ನೆನಪಿಲ್ಲ. ರೇಸು ಮುಗಿದ ಮೇಲೆ ಟ್ರ್ಯಾಕಿನ ಅಂಚಿನಲ್ಲಿ ಅದನ್ನು ಹುಡುಕಿ, ಅಂಗಿಗೆ ಒರೆಸಿ, ಅದೇ ಜಾಗಕ್ಕೆ ಒಂದೇ ಸುತ್ತು ಕಟ್ಟಿ, ಗಾಡಿಯನ್ನು ಮನೆಯಲ್ಲಿ ಕಾಯುತ್ತಿದ್ದ ಅಜ್ಜನ ಮುಂದೆ ತಂದು ನಿಲ್ಲಿಸಿದೆ.